ಪೇಂಟ್ ಎದ್ದ ಕಾರಿಗೆ ಬಾಟಲಿಯೋ, ಪೆನ್ನೋ, ಸ್ಪ್ರೇಯೋ?

ಪೇಂಟ್ ಎದ್ದ ಜಾಗಕ್ಕೆ ನಾವೇ ಹಚ್ಚುವ ಟಚ್-ಅಪ್ ಪೇಂಟ್ ಈ ಮೂರು ರೂಪದಲ್ಲಿ ಸಿಗುತ್ತದೆ. ಕಲ್ಲು ಸಿಡಿದು ಬಾನೆಟ್ ಮೇಲೆ ಬಿದ್ದ ಚುಕ್ಕೆಗೆ ಬಾಟಲಿ, ಉದ್ದದ ಗೀರಿಗೆ ಪೆನ್, ಮಿರರ್ ಕವರ್‌ನಂಥ ಬಿಡಿ ಭಾಗಕ್ಕೆ ಸ್ಪ್ರೇ. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ತೀರ್ಪು ಇದು. ಉಗುರುಬಣ್ಣ ಹಚ್ಚುವವರೂ ಇದ್ದಾರೆ; ತುಕ್ಕು ನಾಲ್ಕು ದಿನ ತಡೆದೀತು, ಬಣ್ಣ ಮಾತ್ರ ಹೊಂದುವುದಿಲ್ಲ.

ಯಾವುದನ್ನು ಕೊಂಡರೂ ಬಣ್ಣದ ಹೆಸರು ನೋಡಿ ಕೊಳ್ಳಬೇಡಿ. ಬಿಳಿಯಲ್ಲೇ ಹತ್ತು ಬಿಳಿ ಇರುತ್ತವೆ. ಎಂಜಿನ್ ಕೋಣೆಯ ಪ್ಲೇಟಿನಲ್ಲೋ ಡ್ರೈವರ್ ಬಾಗಿಲ ಕಂಬದ ಸ್ಟಿಕ್ಕರಿನಲ್ಲೋ ಬಣ್ಣದ ಕೋಡ್ ಇರುತ್ತದೆ: ಮಾರುತಿಯ ಸುಪೀರಿಯರ್ ವೈಟ್‌ಗೆ ೨೬ಯು, ಸಿಲ್ಕಿ ಸಿಲ್ವರ್‌ಗೆ ಝಡ್೨ಎಸ್.

ಬಾಟಲಿಯ ಮುಚ್ಚಳಕ್ಕೆ ಅಂಟಿಕೊಂಡ ಬ್ರಷ್ ಚುಕ್ಕೆಗಿಂತ ದಪ್ಪ. ಅದನ್ನು ಮುಟ್ಟಲೇಬೇಡಿ, ಹಲ್ಲುಕಡ್ಡಿ ಸಾಕು. ಮೊದಲು ಶಾಂಪೂ ನೀರಿನಿಂದ ತೊಳೆದು, ಒಣಗಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ವ್ಯಾಕ್ಸ್ ಉಳಿದರೆ ಪೇಂಟ್ ಕಚ್ಚುವುದಿಲ್ಲ. ಸಡಿಲವಾದ ಅಂಚನ್ನು ಸೂಜಿಯಿಂದ ಎಬ್ಬಿಸಿ ತೆಗೆಯಿರಿ. ಬಣ್ಣದ ಅಡಿಯ ಬೂದು ಪದರ, ಅಂದರೆ ಪ್ರೈಮರ್, ಕಾಣುತ್ತಿದ್ದರೆ ನೇರ ಬಣ್ಣ. ತಗಡು ಕಾಣುತ್ತಿದ್ದರೆ ತುಕ್ಕು ಕೆರೆದು ಒಂದು ಹನಿ ಪ್ರೈಮರ್ ಮೊದಲು, ಇಲ್ಲದಿದ್ದರೆ ಮಳೆಗಾಲ ಮುಗಿಯುವಷ್ಟರಲ್ಲಿ ಒಳಗಿನಿಂದ ಉಬ್ಬುತ್ತದೆ.

ಬಾಟಲಿಯನ್ನು ಎರಡು ನಿಮಿಷ ಕುಲುಕಿ. ಕಡ್ಡಿಯ ತುದಿಯ ಹನಿಯನ್ನು ಗುಳಿಯ ನಡುವಿಗೆ ತಾಗಿಸಿದರೆ ಸಾಕು, ಅದೇ ಅಂಚಿನವರೆಗೆ ಹರಿದು ನಿಲ್ಲುತ್ತದೆ. ಎಳೆಯಬೇಡಿ. ಥಿನ್ನರ್ ಆರಿದಂತೆ ಬಣ್ಣ ಕುಸಿಯುವುದರಿಂದ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಮೂರು-ನಾಲ್ಕು ಸಲ ತುಂಬಬೇಕು. ಕೊನೆಗೆ ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಒಂದು ಹನಿ. ಸುಡುವ ಬಾನೆಟ್ ಮೇಲೆ ಹಚ್ಚಿದರೆ ಮೇಲ್ಪದರ ಮೊದಲೇ ಬಿಗಿದು ಗುಳ್ಳೆ ಏಳುತ್ತದೆ; ಮಂಗಳೂರಿನ ಜುಲೈ ತೇವದಲ್ಲಿ ಕ್ಲಿಯರ್ ಹಾಲಿನಂತೆ ಬೆಳ್ಳಗಾಗುತ್ತದೆ.

ಕೆಲಸ ಕೆಡುವುದು ಹೆಚ್ಚಾಗಿ ಇದರ ನಂತರ, ಸಮ ಮಾಡುವಾಗ. ಕನಿಷ್ಠ ಒಂದು ವಾರ ಬಿಡಿ. ಬಳಿಕ ೨೦೦೦ ನಂಬರಿನ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ನಯವಾದ ಉಪ್ಪುಕಾಗದ) ಪೆನ್ಸಿಲ್ ಹಿಂಬದಿಯ ರಬ್ಬರಿಗೆ ಅಂಟಿಸಿ, ಸೋಪು ನೀರು ಹಾಕಿ ಉಬ್ಬಿದ ಹನಿಯನ್ನಷ್ಟೇ ಉಜ್ಜಿ. ಆಮೇಲೆ ೩೦೦೦, ಕೊನೆಗೆ ಹೊಳಪು ತರುವ ಪೇಸ್ಟ್, ಅಂದರೆ ರಬ್ಬಿಂಗ್ ಕಾಂಪೌಂಡ್. ಕಂಪನಿಯ ಕ್ಲಿಯರ್ ಕೋಟ್ ಸುಮಾರು ೩೫ರಿಂದ ೫೦ ಮೈಕ್ರಾನ್ ಅಷ್ಟೇ. ಅಕ್ಕಪಕ್ಕ ಅದು ಸವೆದರೆ ಇಡೀ ಬಾನೆಟ್ಟಿಗೆ ಪೇಂಟ್ ಹೊಡೆಸಬೇಕಾಗುತ್ತದೆ. ಎರಡು ಮಿಲಿಮೀಟರಿಗಿಂತ ಸಣ್ಣ ಚುಕ್ಕೆಯಾದರೆ ಸಮ ಮಾಡುವ ಗೋಜಿಗೇ ಹೋಗಬೇಡಿ.

ಪೆನ್ ಅನುಕೂಲ ಹೌದು, ಆದರೆ ಗಟ್ಟಿ ತುದಿ ಎರಡನೇ ಸಲ ತಾಗಿಸಿದಾಗ ಮೊದಲ ಪದರವನ್ನು ಕಿತ್ತುಕೊಂಡು ಬರುತ್ತದೆ. ಒತ್ತಿದ ಕೂಡಲೇ ಬಣ್ಣ ಒಮ್ಮೆಲೇ ಸುರಿಯುವುದರಿಂದ ಮೊದಲು ರಟ್ಟಿನ ಮೇಲೆ ಒತ್ತಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಸಪೂರ ಗೀರಿಗೆ ಚೆನ್ನಾಗಿದೆ, ಗುಳಿಗೆ ಅಲ್ಲ.

ಸ್ಪ್ರೇಯನ್ನು ಬಾಗಿಲ ನಡುವಿನ ಚುಕ್ಕೆಗೆ ಹೊಡೆದರೆ ಚುಕ್ಕೆ ಹೋಗಿ ಅಂಗೈಯಗಲದ ಮಚ್ಚೆ ಉಳಿಯುತ್ತದೆ. ಬಿಚ್ಚಿ ತೆಗೆಯಬಹುದಾದ ಭಾಗವನ್ನು ಪೂರ್ತಿ ಹೊಡೆಯುವುದಾದರೆ ಮಾತ್ರ ಅದು ಲೇಸು: ೨೫ ಸೆಂಟಿಮೀಟರ್ ದೂರ, ಹತ್ತು ನಿಮಿಷಕ್ಕೊಂದು ತೆಳು ಕೋಟ್, ಒಟ್ಟು ಮೂರು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಪ್ರೈಮರ್ ಹಚ್ಚದಿದ್ದರೆ ಪ್ರೆಷರ್ ವಾಶ್‌ಗೆ ಹಾಳೆಹಾಳೆಯಾಗಿ ಏಳುತ್ತದೆ. ಸಾಮಾನ್ಯ ಸ್ಪ್ರೇ ಕ್ಲಿಯರ್ ಪೆಟ್ರೋಲ್ ತಗುಲಿದರೆ ಕರಗುತ್ತದೆ, ಟ್ಯಾಂಕ್ ಮುಚ್ಚಳದ ಬಳಿ ಬೇಡ. ಬಣ್ಣ ಗಟ್ಟಿಯಾಗಿಸುವ ಹಾರ್ಡನರ್ ಇರುವ ೨ಕೆ (ಎರಡು ಘಟಕದ) ಕ್ಯಾನ್ ಗಟ್ಟಿ ನಿಜ. ಆದರೆ ಅದರ ಐಸೋಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಕೆಡುಕು, ಬಟ್ಟೆ ಮಾಸ್ಕ್ ತಡೆಯುವುದಿಲ್ಲ. ಮನೆಯ ಪೋರ್ಟಿಕೋದಲ್ಲಿ ಮಾಡುವ ಕೆಲಸವಲ್ಲ.

ಸಿಲ್ವರ್‌ನಂಥ ಮೆಟಾಲಿಕ್ ಬಣ್ಣದಲ್ಲಿ ಬಾಟಲಿಯೂ ಪೆನ್ನೂ ಸ್ವಲ್ಪ ಸೋಲುತ್ತವೆ. ಹನಿಯಲ್ಲಿ ಲೋಹದ ಪುಡಿ ಅಡ್ಡಾದಿಡ್ಡಿ ಮಲಗುವುದರಿಂದ ಚುಕ್ಕೆ ಕಪ್ಪಗೆ ಕಾಣುತ್ತದೆ, ಕೋಡ್ ಸರಿಯಿದ್ದರೂ. ಮೂರು ಪದರದ ಪರ್ಲ್ ವೈಟ್ ಆದರಂತೂ ತುಕ್ಕು ತಡೆಯಲು ಒಂದು ಹನಿ ಹಾಕಿಟ್ಟು, ನೋಟ ಮುಖ್ಯವಾದರೆ ಪೇಂಟ್ ಬೂತ್ ಇರುವ ಗ್ಯಾರೇಜಿಗೇ ಕೊಡಿ.