ಎಣ್ಣೆಯ ಕಣ ಎಣಿಸುವ ಯಂತ್ರ: ಆರು ವರ್ಷ ಬಳಸಿದ ಮೇಲೆ

ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ನಾವು ಆರು ವರ್ಷಗಳಿಂದ, ಮೋಲ್ಡಿಂಗ್ ಯಂತ್ರಗಳ ಹೈಡ್ರಾಲಿಕ್ ಎಣ್ಣೆಯಲ್ಲಿನ ಕೊಳೆಯ ಕಣಗಳನ್ನು ಎಣಿಸುವ ಲೇಸರ್ ಪಾರ್ಟಿಕಲ್ ಕೌಂಟರ್ ಒಂದನ್ನು ಬಳಸುತ್ತಿದ್ದೇವೆ. ಸೂಟ್‌ಕೇಸಿನಂಥ ಪೆಟ್ಟಿಗೆಯಲ್ಲಿ ಬರುವ ಇದನ್ನು ಯಂತ್ರದಿಂದ ಯಂತ್ರಕ್ಕೆ ಹೊತ್ತೊಯ್ಯಬಹುದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಇದೇ ತತ್ತ್ವದ ಮೇಲೆ ನಡೆಯುವ ಎಲ್ಲ ಕೌಂಟರ್‌ಗಳಿಗೂ ಸೇರಿದವು.

ಇದನ್ನು ಕೊಂಡದ್ದು ಎಣ್ಣೆಯ ಹರಿವನ್ನು ನಿಖರವಾಗಿ ಹತೋಟಿಯಲ್ಲಿಡುವ ಸರ್ವೋ ವಾಲ್ವ್‌ಗಳ ಕಾಟ ತಾಳಲಾರದೆ. ಈ ವಾಲ್ವ್‌ಗಳೊಳಗಿನ ಸಂದು ಕೆಲವೇ ಮೈಕ್ರಾನ್‌ಗಳಷ್ಟಿರುತ್ತದೆ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಮ್ಮ ಬರಿಗಣ್ಣಿಗೆ ಸುಮಾರು 40 ಮೈಕ್ರಾನ್‌ಗಿಂತ ಚಿಕ್ಕ ಕಣ ಕಾಣುವುದಿಲ್ಲ. ಆದ್ದರಿಂದ ಜೇನಿನಂತೆ ಹೊಳೆಯುವ ಎಣ್ಣೆಯೂ ವಾಲ್ವಿನ ಪಾಲಿಗೆ ಮರಳು ಬೆರೆತ ನೀರಿನಂತಿರಬಹುದು. ಲ್ಯಾಬಿಗೆ ಸ್ಯಾಂಪಲ್ ಕಳಿಸಿ ವರದಿ ಕೈಸೇರುವಷ್ಟರಲ್ಲಿ ಇನ್ನೊಂದು ವಾಲ್ವ್ ಅಂಟಿಕೊಂಡಿರುತ್ತಿತ್ತು.

ಯಂತ್ರದ ಕೆಲಸ ಸರಳವಾದದ್ದು. ಗಾಜಿನ ಕಿರಿದಾದ ಹಾದಿಯಲ್ಲಿ ಎಣ್ಣೆ ಹರಿಯುವಾಗ ಒಂದು ಬದಿಯಿಂದ ಲೇಸರ್ ಬೆಳಕು ಬೀಳುತ್ತದೆ, ಎದುರು ಬದಿಯ ಸೆನ್ಸರ್ ಆ ಬೆಳಕನ್ನು ಹಿಡಿಯುತ್ತದೆ. ಕಣವೊಂದು ಅಡ್ಡ ಬಂದಾಗ ಅದರ ನೆರಳಿನಷ್ಟು ಬೆಳಕು ಕಡಿಮೆಯಾಗುತ್ತದೆ, ಆ ಇಳಿತದಿಂದಲೇ ಕಣದ ಗಾತ್ರದ ಲೆಕ್ಕ. ಫಲಿತಾಂಶ ಎಣ್ಣೆಯ ಶುಭ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4406ರ ಪ್ರಕಾರ ಮೂರು ಅಂಕಿಗಳಲ್ಲಿ ಬರುತ್ತದೆ. 18/16/13 ಎಂದರೆ ಒಂದು ಮಿಲಿಲೀಟರ್ ಎಣ್ಣೆಯಲ್ಲಿ 4 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಕಣಗಳು 1300ರಿಂದ 2500, 6 ಮೈಕ್ರಾನ್ ಮತ್ತು ಮೇಲಿನವು 320ರಿಂದ 640, 14 ಮೈಕ್ರಾನ್ ಮತ್ತು ಮೇಲಿನವು 40ರಿಂದ 80 ಇವೆ ಎಂದರ್ಥ. ಅಂಕಿ ಒಂದು ಏರಿದರೆ ಕಣಗಳು ಸುಮಾರು ಇಮ್ಮಡಿಯಾಗುತ್ತವೆ ಎಂಬುದನ್ನು ನಮ್ಮ ಹುಡುಗರಿಗೆ ಮನದಟ್ಟು ಮಾಡಿಸಲು ನನಗೆ ಒಂದು ವರ್ಷ ಹಿಡಿಯಿತು. "ಹದಿನೆಂಟಿದ್ದದ್ದು ಇಪ್ಪತ್ತೊಂದಾಗಿದೆ ಅಷ್ಟೇ ಸಾರ್" ಎನ್ನುವವರಿಗೆ ಅದು ಎಂಟು ಪಟ್ಟು ಕೊಳೆ ಎಂದು ಹೊಳೆಯುವುದೇ ಇಲ್ಲ.

ಮೊದಲ ವಾರದಲ್ಲೇ ಯಂತ್ರ ತನ್ನ ಬೆಲೆಯ ಒಂದು ಪಾಲನ್ನು ತೀರಿಸಿತು. ಸೀಲ್ ಒಡೆಯದ ಹೊಸ ಡ್ರಮ್ಮಿನ ಎಣ್ಣೆಯನ್ನು ಪರೀಕ್ಷಿಸಿದಾಗ ಅದು ಮೋಲ್ಡಿಂಗ್ ಯಂತ್ರದೊಳಗಿನ ಹಳೆಯ ಎಣ್ಣೆಗಿಂತ ಕೊಳಕಾಗಿತ್ತು. ಅಂದಿನಿಂದ ಹೊಸ ಎಣ್ಣೆಯನ್ನು ಫಿಲ್ಟರ್ ಗಾಡಿಯ ಮೂಲಕ ಹಾಯಿಸದೆ ಟ್ಯಾಂಕಿಗೆ ಸುರಿಯುವುದನ್ನು ನಿಲ್ಲಿಸಿದೆವು. ವಾಲ್ವ್ ಅಂಟಿಕೊಳ್ಳುವ ದೂರುಗಳು ತಗ್ಗಿದ್ದಕ್ಕೆ ಈ ಒಂದು ಬದಲಾವಣೆಯೇ ಮುಖ್ಯ ಕಾರಣ ಎಂದು ನನ್ನ ಅಭಿಪ್ರಾಯ.

ಆದರೆ ಈ ಯಂತ್ರ ನೆರಳನ್ನು ಎಣಿಸುತ್ತದೆಯೇ ಹೊರತು ಆ ನೆರಳು ಯಾವುದರದ್ದು ಎಂದು ಹೇಳುವುದಿಲ್ಲ. ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ಸೋಮವಾರ ಬೆಳಿಗ್ಗೆ ಎರಡು ಮೋಲ್ಡಿಂಗ್ ಯಂತ್ರಗಳ ಎಣ್ಣೆಯ ಅಂಕಿಗಳು ನಾಲ್ಕು ಮೆಟ್ಟಿಲು ಏರಿದ್ದವು. ಗಾಬರಿಯಾಗಿ ಫಿಲ್ಟರ್ ಬದಲಿಸಿದೆವು, ಅಂಕಿ ಇಳಿಯಲಿಲ್ಲ. ಕೊನೆಗೆ ಅದೇ ಎಣ್ಣೆಯನ್ನು ಬಿಳಿಯ ಮೆಂಬ್ರೇನಿನಲ್ಲಿ (ಸೋಸುವ ತೆಳು ಹಾಳೆಯಲ್ಲಿ) ಸೋಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹಾಳೆ ಹೆಚ್ಚುಕಡಿಮೆ ಶುಭ್ರವಾಗಿತ್ತು! ಎಣಿಕೆಗೆ ಬಂದದ್ದು ನೀರಿನ ಹನಿಗಳು. ಟ್ಯಾಂಕಿಗೆ ಗಾಳಿ ಹೋಗಿಬರುವ ಕಿಂಡಿಯಾದ ಬ್ರೀದರ್ ಎಳೆದುಕೊಂಡ ತೇವವು ಬಿಸಿ ಎಣ್ಣೆಯಲ್ಲಿ ಕರಗಿರುತ್ತದೆ, ಭಾನುವಾರದ ರಜೆಯಲ್ಲಿ ಎಣ್ಣೆ ತಣ್ಣಗಾದಾಗ ಹನಿಯಾಗಿ ಬೇರ್ಪಡುತ್ತದೆ. ಗಾಳಿಯ ಗುಳ್ಳೆಗಳೂ, ನೊರೆ ತಡೆಯಲು ಎಣ್ಣೆಗೆ ಬೆರೆಸುವ ಸಿಲಿಕೋನ್ ಹನಿಗಳೂ ಇದೇ ರೀತಿ ಲೆಕ್ಕಕ್ಕೆ ಸಿಗುತ್ತವೆ. ಈಗ ನಾವು ಮೋಲ್ಡಿಂಗ್ ಯಂತ್ರ ಓಡಿ ಎಣ್ಣೆ ಬಿಸಿಯಾದ ಮೇಲಷ್ಟೇ, ಪ್ರತಿಸಲವೂ ಅದೇ ಟೆಸ್ಟ್ ಪಾಯಿಂಟಿನಿಂದ, ಹೋಸಿನಲ್ಲಿ ನಿಂತಿದ್ದ ಎಣ್ಣೆಯನ್ನು ಹರಿಯಬಿಟ್ಟು ಅಳೆಯುತ್ತೇವೆ. ಬಾಟಲಿಯಲ್ಲಿ ಸ್ಯಾಂಪಲ್ ತೆಗೆಯುವುದನ್ನು ಬಹುತೇಕ ಬಿಟ್ಟಿದ್ದೇವೆ, ಏಕೆಂದರೆ ಬಾಟಲಿಯ ಧೂಳು, ಮುಚ್ಚಳದ ಚೂರು, ತೆಗೆದವರ ಕೈಯ ಕೊಳೆ ಎಲ್ಲವೂ ಎಣ್ಣೆಯ ತಲೆಗೇ ಬರುತ್ತವೆ.

ಎಣ್ಣೆ ವಿಪರೀತ ಕೊಳಕಾಗಿದ್ದಾಗ ಇದಕ್ಕೆ ತಿರುಗುಮುರುಗಾದ ತಪ್ಪು ಸಂಭವಿಸುತ್ತದೆ. ಎರಡು ಕಣಗಳು ಒಟ್ಟಿಗೆ ಬೆಳಕಿಗೆ ಅಡ್ಡ ಬಂದರೆ ಯಂತ್ರ ಅವನ್ನು ಒಂದು ದೊಡ್ಡ ಕಣವೆಂದು ಓದುತ್ತದೆ. ಸಣ್ಣವು ಕಡಿಮೆ, ದೊಡ್ಡವು ಹೆಚ್ಚು ಎಂಬ ಸುಳ್ಳು ಚಿತ್ರ ಬರುತ್ತದೆ. ಅಂಥ ಎಣ್ಣೆಯನ್ನು ಸೋಸಿದ ಎಣ್ಣೆಯಿಂದ ತೆಳುಗೊಳಿಸಿ ಅಳೆಯಬೇಕು.

ನನ್ನ ದೊಡ್ಡ ದೂರು ಕ್ಯಾಲಿಬ್ರೇಷನ್‌ನದು, ಅಂದರೆ ಯಂತ್ರದ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಹೊಂದಿಸುವ ಕೆಲಸದ್ದು. ಐಎಸ್‌ಒ 11171ರ ಪ್ರಕಾರ, ಗಾತ್ರ ಗೊತ್ತಿರುವ ಪರೀಕ್ಷಾ ಧೂಳು ಬೆರೆಸಿದ ಎಣ್ಣೆಯಿಂದ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕೆಂದು ಕೈಪಿಡಿ ಹೇಳುತ್ತದೆ. ಮಾರುವಾಗ "ಎಲ್ಲ ಇಲ್ಲೇ ಆಗುತ್ತದೆ" ಎಂದ ಮಾರಾಟಗಾರರು ಆಮೇಲೆ ಯಂತ್ರವನ್ನು ಹೊರದೇಶಕ್ಕೇ ಕಳಿಸಿದರು, ಎರಡು ಸಲ ಆರಾರು ವಾರ ಅದಿಲ್ಲದೆ ಕುಳಿತೆವು. ವಾಪಸು ಬಂದ ಯಂತ್ರದ ಅಂಕಿ ಒಂದು ಮೆಟ್ಟಿಲು ಬೇರೆಯಾಗಿತ್ತು, ಹಳೆಯ ದಾಖಲೆಗಳ ಪಕ್ಕ ಅದನ್ನೂ ಬರೆದಿಡಬೇಕಾಯಿತು. ನಮ್ಮ ಹಳೆಯ ಮೋಲ್ಡಿಂಗ್ ಯಂತ್ರಗಳ ಕೈಪಿಡಿಗಳು ಇನ್ನೂ 1964ರ ಅಮೆರಿಕದ ಮಾನದಂಡವಾದ ಎನ್‌ಎಎಸ್ 1638 ದರ್ಜೆಯನ್ನೇ ಕೇಳುತ್ತವೆ. ಅದು 100 ಮಿಲಿಲೀಟರ್‌ಗೆ, 5ರಿಂದ 15 ಮೈಕ್ರಾನ್ ಎಂಬಂತೆ ಗಾತ್ರದ ಪಟ್ಟಿಗಳಲ್ಲಿ ಎಣಿಸುವ ಪದ್ಧತಿ. ಕೌಂಟರ್ ಎರಡನ್ನೂ ತೋರಿಸುತ್ತದೆ, ಆದರೆ ಒಂದನ್ನು ಇನ್ನೊಂದಕ್ಕೆ ನೇರವಾಗಿ ಹೊಂದಿಸಲು ಹೋದರೆ ಎಡವುತ್ತೇವೆ.

ಉಳಿದಂತೆ ಯಂತ್ರ ಗಟ್ಟಿಮುಟ್ಟಾಗಿದೆ. ಬ್ಯಾಟರಿಯನ್ನು ಒಮ್ಮೆ ಬದಲಿಸಿದ್ದೇವೆ. ಒಳಗಿನ ಪುಟ್ಟ ಪ್ರಿಂಟರಿನ ಶಾಖದ ಕಾಗದದ ಮೇಲಿನ ಅಕ್ಷರ ಒಂದೆರಡು ವರ್ಷಗಳಲ್ಲಿ ಮಾಸಿಹೋಗುತ್ತದೆ. ಲೆಕ್ಕ ತಪಾಸಣೆಯವರು ಹಳೆಯ ಚೀಟಿ ಕೇಳಿದಾಗ ಖಾಲಿ ಕಾಗದ ಹಿಡಿದು ನಿಂತ ಅನುಭವವಾದ ಮೇಲೆ ಪುಸ್ತಕದಲ್ಲೂ ಬರೆದಿಡುತ್ತಿದ್ದೇವೆ.

ನಾಲ್ಕೈದು ಹೈಡ್ರಾಲಿಕ್ ಯಂತ್ರಗಳಷ್ಟೇ ಇರುವವರು ಇದನ್ನು ಕೊಳ್ಳುವುದಕ್ಕಿಂತ ಮೆಂಬ್ರೇನ್ ಕಿಟ್ ಮತ್ತು ಒಂದು ಸೂಕ್ಷ್ಮದರ್ಶಕ ಇಟ್ಟುಕೊಳ್ಳುವುದು ಲೇಸು; ಅದರಲ್ಲಿ ಲೋಹದ ಚೂರು ಯಾವುದು, ರಬ್ಬರ್ ಸೀಲಿನ ತುಣುಕು ಯಾವುದು ಎಂದೂ ಕಾಣುತ್ತದೆ. ನಮ್ಮಲ್ಲಿ ಮೂವತ್ತಕ್ಕೂ ಹೆಚ್ಚು ಯಂತ್ರಗಳಿರುವುದರಿಂದ ಕೌಂಟರ್ ಇಲ್ಲದೆ ಸಾಗುವುದಿಲ್ಲ. ಮುಂದಿನ ವರ್ಷ ಇನ್ನೊಂದನ್ನು ಕೊಳ್ಳಲಿದ್ದೇವೆ. ಈ ಸಲ ತೇವಾಂಶದ ಸೆನ್ಸರ್ ಇರುವುದನ್ನೇ ನೋಡುತ್ತಿದ್ದೇನೆ, ಮತ್ತು ಕ್ಯಾಲಿಬ್ರೇಷನ್ ಎಲ್ಲಿ, ಎಷ್ಟು ದಿನದಲ್ಲಿ ಆಗುತ್ತದೆ ಎಂಬುದನ್ನು ಬೆಲೆಪಟ್ಟಿಯ ಜೊತೆಗೇ ಬರೆದು ಕೊಡಲು ಕೇಳಿದ್ದೇನೆ.