ಬರ ಪರಿಹಾರ ಬಂದಿಲ್ಲ ಅಂತ ಏಜೆಂಟರ ಕೈಗೆ ದುಡ್ಡು ಕೊಡಬೇಡಿ

ನಮ್ಮದು ಚಳ್ಳಕೆರೆ ತಾಲೂಕು. 2023ರಲ್ಲಿ ಮಳೆ ಕೈಕೊಟ್ಟು ಶೇಂಗಾ ಹೊಲದಲ್ಲೇ ಒಣಗಿತು. ಬಿತ್ತಿದ ಬೀಜದಷ್ಟೂ ಕೈಗೆ ಬರಲಿಲ್ಲ. ಆ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿದ್ದವು. 2024ರ ಶುರುವಿನಲ್ಲಿ ಮೊದಲ ಕಂತು, 2000 ರೂಪಾಯಿವರೆಗೆ, ಬಂತು. ಕೇಂದ್ರದ ಹಣ ಬಂದ ಮೇಲೆ ಮೇ ತಿಂಗಳಲ್ಲಿ ಉಳಿದದ್ದು. ಅಕ್ಕಪಕ್ಕದ ಹೊಲದವರಿಗೆಲ್ಲ ಸಿಕ್ಕಿತು. ನಮ್ಮ ಅವ್ವನಿಗೆ ಎರಡೂ ಸಿಗಲಿಲ್ಲ.

ಅವ್ವ ಮೂರು ಸಲ ಬಸ್ಸು ಹತ್ತಿ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದಳು. ಪ್ರತಿ ಸಲವೂ ಅದೇ ಹಳೆ ಬ್ಯಾಲೆನ್ಸು. ಕೊನೆಗೆ ತಾಲೂಕು ಕಚೇರಿ ಹತ್ತಿರ ಒಬ್ಬ ಏಜೆಂಟ್ ಸಿಕ್ಕ. "ನಿಮ್ಮ ದುಡ್ಡು ಮೇಲೆ ನಿಂತುಬಿಟ್ಟಿದೆ ಅಮ್ಮ, ನಾನು ಬಿಡಿಸಿಕೊಡ್ತೀನಿ" ಅಂದ. 1500 ರೂಪಾಯಿ, ಪಹಣಿ, ಆಧಾರ್ ಜೆರಾಕ್ಸ್ ತಗೊಂಡ. ಮಷೀನಿನ ಮೇಲೆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡ. ಅದನ್ನು ಕೇಳಿ ನನಗೆ ಎದೆ ಧಸಕ್ ಅಂತು. ಹೆಬ್ಬೆಟ್ಟಿದ್ದರೆ ಖಾತೆಯ ಹಣವನ್ನೇ ತೆಗೆಯಬಹುದು, ಗೊತ್ತಲ್ವಾ? ಅವತ್ತೇ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದೆ.

ತಿಂಗಳು ಕಳೆದರೂ ಸುದ್ದಿಯಿಲ್ಲ. ಆಮೇಲೆ ನಾನೇ ಗ್ರಾಮ ಲೆಕ್ಕಿಗರ ಹತ್ತಿರ ಹೋದೆ. ಅವರು ಕಂಪ್ಯೂಟರ್ ನೋಡಿ, "ಎರಡೂ ಕಂತು ಜಮಾ ಆಗಿದೆಯಲ್ಲಪ್ಪ" ಅಂದರು. ಯಾವ ಖಾತೆಗೆ? ಐದಾರು ವರ್ಷದ ಹಿಂದೆ ಸಿಮ್ ಕೊಂಡಾಗ ಅಂಗಡಿಯವನು ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡು, ಅವ್ವನಿಗೆ ಹೇಳದೆಯೇ ತೆರೆದ ಖಾತೆಗೆ! ಪರಿಹಾರದ ಹಣ ನಾವು ಕೊಟ್ಟ ಪಾಸ್‌ಬುಕ್ ನೋಡಿ ಬರುವುದಿಲ್ಲ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಮಳೆ ನಂಬಿದ ಬೆಳೆಗೆ ಹೆಕ್ಟೇರಿಗೆ 8500. ನಮ್ಮ ಎರಡೂವರೆ ಎಕರೆಯ ಅಷ್ಟೂ ಹಣ ಅಲ್ಲೇ ಇತ್ತು.

ಹಾಗಾಗಿ ಸುಮ್ನೆ ಅಲೆಯುವ ಮೊದಲು ಆಧಾರ್ ವೆಬ್‌ಸೈಟಿನಲ್ಲಿ ನಿಮ್ಮ ಆಧಾರ್‌ಗೆ ಜೋಡಣೆಯಾಗಿರುವ ಬ್ಯಾಂಕ್ ಯಾವುದು ಅಂತ ನೋಡಿ. ಫ್ರೂಟ್ಸ್ ಐಡಿಯಲ್ಲಿ (ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ನಿಮ್ಮ ಎಲ್ಲ ಸರ್ವೆ ನಂಬರೂ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಿ.

ನಾವು ನಮ್ಮ ಬ್ಯಾಂಕಿಗೆ ಒಂದು ಅರ್ಜಿ ಕೊಟ್ಟು ಜೋಡಣೆ ಬದಲಾಯಿಸಿದೆವು. ಒಂದು ಪೈಸೆ ಖರ್ಚಾಗಲಿಲ್ಲ. ಆ ಏಜೆಂಟ್ ಮಾತ್ರ ಇನ್ನೂ ಅಲ್ಲೇ ಇದ್ದಾನೆ. ಮೊನ್ನೆ ಹೋದಾಗಲೂ ನಾಲ್ಕು ಜನ ವಯಸ್ಸಾದವರು ಪಹಣಿ ಹಿಡಿದು ಅವನ ಮುಂದೆ ನಿಂತಿದ್ದರು.