ಝೀನಿಯಮ್: ಎರಡು ವರ್ಷ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ

ಬಾಯಿ ಕ್ಯಾನ್ಸರ್‌ನ ಅಂಗಾಂಶದಲ್ಲಿ ಯಾವ ಜೀವಕೋಶದ ಪಕ್ಕ ಯಾವುದಿದೆ, ಒಂದೊಂದರಲ್ಲೂ ಯಾವ ಜೀನ್‌ಗಳು ಸಕ್ರಿಯವಾಗಿವೆ ಎಂದು ತಿಳಿಯಲು ಎರಡು ವರ್ಷಗಳಿಂದ ಟೆನ್‌ಎಕ್ಸ್ ಜೀನೋಮಿಕ್ಸ್ ಕಂಪನಿಯ ಝೀನಿಯಮ್ ಉಪಕರಣವನ್ನು ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಅದೇ ಕಂಪನಿಯ ವಿಸಿಯಮ್ ಸ್ಲೈಡ್‌ಗಳಲ್ಲಿ ಕೆಲಸ ಮಾಡಿದ್ದೆ. ವಿಸಿಯಮ್‌ನ ಮೊದಲ ಆವೃತ್ತಿಯಲ್ಲಿ ಸಕ್ರಿಯ ಜೀನ್‌ನ ಪ್ರತಿಯಾದ ಆರ್‌ಎನ್‌ಎಯನ್ನು ಹಿಡಿಯುವ ಒಂದೊಂದು ಚುಕ್ಕೆಯ ವ್ಯಾಸ 55 ಮೈಕ್ರೋಮೀಟರ್. ಅಷ್ಟು ಜಾಗದಲ್ಲಿ ಹಲವು ಕೋಶಗಳು ಸೇರಿರುವುದರಿಂದ ಗಡ್ಡೆಯ ಕೋಶದ ಆರ್‌ಎನ್‌ಎ ಮತ್ತು ಅದರ ನಡುವೆ ನುಸುಳಿದ, ರೋಗನಿರೋಧಕ ವ್ಯವಸ್ಥೆಯ ಟಿ ಕೋಶದ ಆರ್‌ಎನ್‌ಎ ಬೆರೆತೇ ಬರುತ್ತಿದ್ದವು. ಒಂದೊಂದು ಕೋಶವನ್ನೂ ಅದು ಇದ್ದ ಜಾಗದಲ್ಲೇ ನೋಡಬೇಕೆಂಬ ಆಸೆ ನನ್ನನ್ನು ಝೀನಿಯಮ್‌ಗೆ ಕರೆತಂದಿತು.

ಉಪಕರಣದ ಒಳಗೆ ನಡೆಯುವುದು ನಿಜಕ್ಕೂ ಸೊಗಸಾದ ರಸಾಯನಶಾಸ್ತ್ರ. ಗುರಿಯ ಜೀನ್‌ನ ಆರ್‌ಎನ್‌ಎಗೆ ಅಂಟಿಕೊಳ್ಳುವ ಡಿಎನ್‌ಎ ತುಣುಕಾದ ಪ್ರೋಬ್‌ನ ಎರಡು ತುದಿಗಳು ಆರ್‌ಎನ್‌ಎ ಎಳೆಯ ಮೇಲೆ ಅಕ್ಕಪಕ್ಕ ಕೂತರೆ ಮಾತ್ರ ಅವು ಬೆಸೆದುಕೊಂಡು ಉಂಗುರವಾಗುತ್ತವೆ. ಆ ಉಂಗುರವನ್ನು ಅಚ್ಚಾಗಿಟ್ಟುಕೊಂಡು ಕಿಣ್ವವೊಂದು ಸುತ್ತುತ್ತ ಪ್ರತಿ ತೆಗೆಯುತ್ತ ಹೋಗುವುದರಿಂದ ಅದೇ ಜಾಗದಲ್ಲಿ ಡಿಎನ್‌ಎಯ ಪುಟ್ಟ ಉಂಡೆಯೊಂದು ಬೆಳೆಯುತ್ತದೆ. ಹೊಳೆಯುವ ಬಣ್ಣಗಳನ್ನು ಸುತ್ತು ಸುತ್ತಾಗಿ ಅಂಟಿಸಿ, ಚಿತ್ರ ತೆಗೆದು, ತೊಳೆದು, ಯಾವ ಸುತ್ತಿನಲ್ಲಿ ಯಾವ ಬಣ್ಣ ಕಂಡಿತೆಂಬ ಕ್ರಮದಿಂದ ಜೀನ್ ಯಾವುದೆಂದು ಗುರುತಿಸಲಾಗುತ್ತದೆ. ಇದರ ಬೇರು ಸ್ವೀಡನ್ನಿನಲ್ಲಿದೆ: ಬೀಗದಂತೆ ಮುಚ್ಚಿಕೊಳ್ಳುವ ಪ್ರೋಬ್‌ಗಳ ಕುರಿತ 1994ರ ಪ್ರಬಂಧದಲ್ಲೂ, ಅಂಗಾಂಶದೊಳಗೇ ಆರ್‌ಎನ್‌ಎ ಓದಿದ 2013ರ ಪ್ರಬಂಧದಲ್ಲೂ ಸಂಶೋಧಕ ಮಾಟ್ಸ್ ನಿಲ್ಸನ್ ಅವರ ಹೆಸರಿದೆ.

ಹೊಸದಾಗಿ ಬಳಸುವವರು ಗಮನಿಸಬೇಕಾದ ಮಾತು ಒಂದಿದೆ. ಆರ್‌ಎನ್‌ಎ ಇದ್ದ ಜಾಗವನ್ನು ಉಪಕರಣ ಬಹಳ ನಿಖರವಾಗಿ ಹೇಳುತ್ತದೆ, ಆದರೆ ಅದು ಯಾವ ಕೋಶದ್ದು ಎಂಬುದು ಅಳತೆಯಲ್ಲ, ತೀರ್ಮಾನ. ಕೋಶಕೇಂದ್ರಕ್ಕೆ ಬಣ್ಣ ಹಾಕಿ, ಅದರ ಅಂಚನ್ನು ಎಲ್ಲ ದಿಕ್ಕಿಗೂ ಹಿಗ್ಗಿಸಿ, ಆ ಗೆರೆಯೊಳಗೆ ಬಿದ್ದ ಆರ್‌ಎನ್‌ಎ ಚುಕ್ಕೆಗಳನ್ನೆಲ್ಲ ಆ ಕೋಶದ ಲೆಕ್ಕಕ್ಕೆ ಬರೆಯುವುದು ಮೊದಲಿನ ಪದ್ಧತಿ. ತಂತ್ರಾಂಶದ ಆರಂಭದ ಆವೃತ್ತಿಯಲ್ಲಿ ಪಕ್ಕದ ಕೋಶ ಅಡ್ಡ ಬರದಿದ್ದರೆ ಈ ಹಿಗ್ಗುವಿಕೆ 15 ಮೈಕ್ರೋಮೀಟರ್‌ವರೆಗೆ ಹೋಗುತ್ತಿತ್ತು. ಟಿ ಕೋಶದಂಥ ಸಣ್ಣ ಲಿಂಫೋಸೈಟ್‌ನ ಪೂರ್ತಿ ವ್ಯಾಸವೇ 10 ಮೈಕ್ರೋಮೀಟರ್ ಮುಟ್ಟುವುದಿಲ್ಲ.

ನನ್ನ ಮೊದಲ ದತ್ತಾಂಶದಲ್ಲಿ ಟಿ ಕೋಶದ ಗುರುತಾದ ಸಿಡಿ3ಇ ಮತ್ತು ಬಾಯಿಯ ಮೇಲ್ಪದರದ ಕೋಶಗಳ, ಇಲ್ಲಿ ಗಡ್ಡೆಕೋಶಗಳ, ಗುರುತಾದ ಕೆರಾಟಿನ್ ಎರಡೂ ಒಟ್ಟಿಗೆ ಇರುವ ಕೋಶಗಳ ಗುಂಪೊಂದು ಕಂಡಿತು. ಅದು ಹೊಸ ಬಗೆಯ ಕೋಶವಿರಬಹುದೆಂದು ನಾನು ಒಂದು ತಿಂಗಳು ನಂಬಿದ್ದೆ. ಕೊನೆಗೆ ಚುಕ್ಕೆಗಳನ್ನು ಚಿತ್ರದ ಮೇಲೆ ಇಟ್ಟು ನೋಡಿದಾಗ ಸಿಡಿ3ಇ ಚುಕ್ಕೆಗಳು ಕೋಶಕೇಂದ್ರದ ಸುತ್ತ ಇದ್ದವು. ಕೆರಾಟಿನ್ ಚುಕ್ಕೆಗಳೆಲ್ಲ ಒಂದೇ ಪಕ್ಕದಲ್ಲಿ, ನೆರೆಯ ಗಡ್ಡೆಕೋಶದ ಅಂಚಿಗೆ ಒತ್ತಿಕೊಂಡಿದ್ದವು. ತಪ್ಪು ನನ್ನದು, ಮೊದಲ ದಿನವೇ ಚಿತ್ರವನ್ನು ತೆರೆದು ನೋಡಬೇಕಿತ್ತು. ಮುಂದಿನ ಆವೃತ್ತಿಯಲ್ಲಿ ಹಿಗ್ಗುವಿಕೆಯನ್ನು 5 ಮೈಕ್ರೋಮೀಟರ್‌ಗೆ ಇಳಿಸಲಾಯಿತು, ಕೋಶದ ಹೊರಪೊರೆಗೂ ಬಣ್ಣ ಹಾಕುವ ಕಿಟ್ 2024ರಲ್ಲಿ ಬಂದಿತು. ಹೊರಪೊರೆಯ ಬಣ್ಣ ಚೆನ್ನಾಗಿ ಹಿಡಿದ ಕಡೆ ಗಡಿಗಳು ಬಹಳ ಸುಧಾರಿಸಿವೆ. ಉದ್ದಕ್ಕೆ ಚಾಚಿಕೊಂಡ, ನಾರಿನ ಅಂಗಾಂಶದ ಕೋಶಗಳಾದ ಫೈಬ್ರೋಬ್ಲಾಸ್ಟ್‌ಗಳಲ್ಲಿ ಮಾತ್ರ ಈಗಲೂ ಅನುಮಾನ ಉಳಿಯುತ್ತದೆ, ಮತ್ತು 5 ಮೈಕ್ರೋಮೀಟರ್ ದಪ್ಪದ ಅಂಗಾಂಶದ ಸೀಳಿನಲ್ಲೂ ಒಂದು ಕೋಶದ ತುದಿ ಇನ್ನೊಂದರ ಮೇಲೆ ಹಾದುಹೋಗಿರಬಹುದು.

ಮಾದರಿಯ ವಿಷಯದಲ್ಲಿ, ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಹುದುಗಿಸಿದ ಬ್ಲಾಕ್‌ಗಳನ್ನು ಬಳಸಲು ಸಾಧ್ಯವಿರುವುದು ನಮಗೆ ದೊಡ್ಡ ವರ. ಆದರೆ ಶಸ್ತ್ರಚಿಕಿತ್ಸೆ ಮುಗಿದು ಅಂಗಾಂಶ ಫಾರ್ಮಲಿನ್‌ಗೆ ಬೀಳುವುದು ತಡವಾಗಿದ್ದ ಬ್ಲಾಕ್‌ಗಳಲ್ಲಿ ಚುಕ್ಕೆಗಳು ವಿರಳವಾಗಿದ್ದವು, ಅದನ್ನು ಯಾವ ತಂತ್ರಾಂಶವೂ ಸರಿಪಡಿಸಲಾರದು. ಸ್ಲೈಡ್‌ನ ಮೇಲೆ ಬಳಸಬಹುದಾದ ಜಾಗ ಸುಮಾರು 10 ಮಿಲಿಮೀಟರ್ ಅಗಲ, 22 ಮಿಲಿಮೀಟರ್ ಉದ್ದ. ನೀರಿನ ಮೇಲೆ ತೇಲುವ ಸೀಳನ್ನು ಮಡಿಕೆ ಬೀಳದಂತೆ ಆ ಚೌಕಟ್ಟಿನೊಳಗೆ ಕೂರಿಸುವ ಕೈಚಳಕ ನುರಿತ ಹಿಸ್ಟಾಲಜಿ ತಂತ್ರಜ್ಞರಿಗೇ ಸಿದ್ಧಿಸಿದ್ದು. ನಮ್ಮ ಯೋಜನೆಯ ಗುಣಮಟ್ಟ ಅರ್ಧಕ್ಕರ್ಧ ಅವರ ಕೈಯಲ್ಲಿತ್ತು ಎಂದು ಕೃತಜ್ಞತೆಯಿಂದ ಹೇಳುತ್ತೇನೆ. ಓದುವ ಕೆಲಸ ಮುಗಿದ ಮೇಲೂ ಸೀಳು ಉಳಿಯುವುದರಿಂದ ಅದಕ್ಕೇ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಬಣ್ಣ ಹಾಕಿ ರೋಗಶಾಸ್ತ್ರಜ್ಞರಿಗೆ ಕೊಡಬಹುದು. ಅವರು ಪೆನ್ನಿನಿಂದ ಗುರುತಿಸಿದ ಗಡ್ಡೆಯ ಅಂಚನ್ನೂ ನಮ್ಮ ಜೀನ್ ನಕ್ಷೆಯನ್ನೂ ಒಂದೇ ಕೋಶಗಳ ಮೇಲೆ ಹೊಂದಿಸಿ ನೋಡಲು ಸಿಗುವುದು ನನಗೆ ಈ ಉಪಕರಣದ ಅತ್ಯಂತ ಪ್ರಿಯವಾದ ಗುಣ.

ಪ್ಯಾನೆಲ್‌ನಲ್ಲಿ, ಅಂದರೆ ಮೊದಲೇ ಆರಿಸಿಟ್ಟ ಜೀನ್‌ಗಳ ಪಟ್ಟಿಯಲ್ಲಿ, ಇಲ್ಲದ ಜೀನ್ ಇಲ್ಲಿ ಕಾಣುವುದೇ ಇಲ್ಲ. ಏನನ್ನು ಕೇಳಬೇಕೆಂದು ಮೊದಲೇ ಗೊತ್ತಿರಬೇಕು. ನಾವು ಬಳಸಿದ್ದು 377 ಜೀನ್‌ಗಳ ಸಿದ್ಧ ಪ್ಯಾನೆಲ್, ಅದಕ್ಕೆ ನಮ್ಮ ಆಯ್ಕೆಯ 100ರವರೆಗೆ ಸೇರಿಸಲು ಅವಕಾಶವಿತ್ತು. ಈಗ 5000 ಜೀನ್‌ಗಳ ಪ್ಯಾನೆಲ್ ಕೂಡ ಇದೆ. ಜೀನ್‌ಗಳು ಹೆಚ್ಚಿದಷ್ಟೂ ಉಂಡೆಗಳು ಒತ್ತೊತ್ತಾಗಿ ಒಂದನ್ನೊಂದು ಮರೆಸುವ ಅಪಾಯ ಇದ್ದೇ ಇದೆ. ನಮ್ಮ ಪ್ರಶ್ನೆ ಟಿ ಕೋಶಗಳು ಗಡ್ಡೆಯ ಯಾವ ಅಂಚಿನಲ್ಲಿ ತಡೆದು ನಿಲ್ಲುತ್ತವೆ ಎಂಬುದಾದ್ದರಿಂದ ಚಿಕ್ಕ ಪ್ಯಾನೆಲ್‌ನಲ್ಲೇ ಉಳಿದಿದ್ದೇವೆ. ಹೊಸ ಸ್ಲೈಡ್ ಕೊಳ್ಳುವ ಮೊದಲು, ಮೊದಲ ವರ್ಷದ ದತ್ತಾಂಶಕ್ಕೆಲ್ಲ ಝೀನಿಯಮ್ ರೇಂಜರ್ ತಂತ್ರಾಂಶದಲ್ಲಿ ಕೋಶಗಳ ಗಡಿಯನ್ನು ಹೊಸದಾಗಿ ಎಳೆಯುತ್ತಿದ್ದೇವೆ.